ಕಂದು ಗೆರಿ ಕೆಳಗಿನ ಊರುಗಳು

ನಮ್ಮ ಬಾಗಲಕೋಟಿ ಕಡೆ ಹೆಣ್ಮಕ್ಕಳ ಬಾಯಾಗ ಒಂದು ಲೆಕ್ಕ ಐತಿ, ಹೊರಗಿನವ್ರಿಗೆ ತಿಳಿಯೂದಿಲ್ಲ. "ನಿಮ್ಮ ಮನಿ ಯಾವ ಓಣಿ?" ಅಂತ ಕೇಳಿದ್ರ "ನಮ್ಮದು ಐನೂರಾ ಇಪ್ಪತ್ತೊಂದರಾಗ ಹೋತ್ರಿ, ನಮ್ಮ ಅಕ್ಕಂದು ಇಪ್ಪತ್ಮೂರರಾಗ ಬಂತು" ಅಂತಾರ. 521, 523, 525, ಇವು ಮನಿ ನಂಬರ ಅಲ್ಲ, ಸಮುದ್ರದಿಂದ ಎಷ್ಟು ಮೀಟರ್ ಎತ್ತರ ಅನ್ನೋ ಲೆಕ್ಕ. ಸಾಲಿ ಬಿಟ್ಟು ಹೊಲಕ್ಕ ಹೋದ ಹೆಣ್ಮಗಳಿಗೂ ಈ ಮೂರು ಅಂಕಿ ಬಾಯಿಪಾಠ. ಈ ಅಂಕಿ ಎಲ್ಲಿಂದ ಬಂದ್ವು ಅಂತ ಹುಡಕೋತ ಹೋದ್ರ ಹಳೆ ನಕಾಶಿ ಹತ್ರ ಹೋಗಿ ನಿಲ್ಲಬೇಕಾಗತೈತಿ.

ನಮ್ಮ ಅಳ್ಯಾರು ಕಾಲೇಜಿನ್ಯಾಗ ಭೂಗೋಳ ಕಲಸ್ತಾರ. ಅವರ ಕಡೆಯಿಂದ ನನಗ ನಮ್ಮ ಸೀಮಿಯ ಹಳೆ ಹಾಳಿಗಳು ನೋಡಾಕ ಸಿಕ್ಕಾವ. ಒಂದು ಬ್ರಿಟಿಷರ ಪದ್ಧತಿಯ ಇಂಚಿನ ನಕಾಶಿ, ಅಂದ್ರ ಹಾಳ್ಯಾಗಿನ ಒಂದು ಇಂಚು ನೆಲದ ಮ್ಯಾಲ ಒಂದು ಮೈಲು. ಇನ್ನೊಂದು ಆಮ್ಯಾಲಿನ ಮೀಟರ್ ಲೆಕ್ಕದ್ದು, ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಎರಡೂ ಸರ್ವೇ ಆಫ್ ಇಂಡಿಯಾದವು. 1767ರಾಗ ಶುರುವಾದ ಕಚೇರಿ ಅದು. ಮೂರನೇದ್ದು ಎಲ್ಲಾರ ಕೈಯಾಗ ಇರೋ ಫೋನಿನ ಉಪಗ್ರಹದ ಚಿತ್ರ. ಈ ಮೂರನ್ನೂ ಬಾಜೂಕ ಬಾಜೂಕ ಇಟ್ಟು ನೋಡಿದ್ರ ಒಂದು ತಾಲೂಕಿನ ಚರಿತ್ರಿ, ಯಾವ ಪುಸ್ತಕದಾಗೂ ಬರೀದ ಚರಿತ್ರಿ, ಕಣ್ಣಿಗೆ ಬೀಳತೈತಿ.

ಮೊದಲ ಹಾಳಿ ನಂಬರಿನ ಗುಟ್ಟು ಹೇಳಿಬಿಡತೀನಿ, ಯಾಕಂದ್ರ ನಂಬರ ಗೊತ್ತಿಲ್ಲಂದ್ರ ಹುಡಕೂದಾಗೂದಿಲ್ಲ. ದೇಶಾನ್ನ ದೊಡ್ಡ ದೊಡ್ಡ ಚೌಕ ಮಾಡಿ ನಂಬರ ಕೊಟ್ಟಾರ. ನಮ್ಮದು 47. ಅದರಾಗ ಇಂಗ್ಲಿಷ್ ಅಕ್ಷರದ ಹದಿನಾರು ಮನಿ, ನಮ್ಮದು ಕೊನೇದ್ದು, ಪಿ. ಆ ಪಿ ಒಳಗ ಮತ್ತ ಹದಿನಾರು ಮನಿ. ಬಾಗಲಕೋಟಿ 47ಪಿ/12ರಾಗ ಬರತೈತಿ. ಕೊಲ್ಹಾರ 47ಪಿ/11. ಆಲಮಟ್ಟಿ 47ಪಿ/15. ಪೂರ್ವಕ್ಕ ಸ್ವಲ್ಪ ಸರದು ಕೂಡಲಸಂಗಮಕ್ಕ ಹೋದ್ರ 47 ಮುಗದ 56 ಶುರುವಾಗತೈತಿ. (ಕೂಡಲಸಂಗಮ ಆಲಮಟ್ಟಿ ಹಿನ್ನೀರಿನ್ಯಾಗ ಐತಿ ಅಂತ ಭಾಳ ಮಂದಿ ತಿಳಕೊಂಡಾರ. ಅಲ್ರಿ, ಅದು ಆಲಮಟ್ಟಿ ಕೆಳಗ, ನಾರಾಯಣಪುರ ಕಟ್ಟಿ ನೀರಿನ್ಯಾಗ ಬರತೈತಿ. ನಕಾಶಿ ನೋಡಿದ್ರ ಒಂದ ನಿಮಿಷದಾಗ ಗೊತ್ತಾಗತೈತಿ.)

ಬಣ್ಣ ಓದೂದು ಕಷ್ಟ ಅಲ್ಲ. ನೀಲಿ ನೀರು, ಹಳದಿ ಹೊಲ, ಹಸರು ಗಿಡ-ಅಡವಿ, ಕೆಂಪು ಊರು ಮತ್ತ ದೊಡ್ಡ ರಸ್ತಾ, ಕರಿ ಅಕ್ಷರ ಹೆಸರು. ಸಣ್ಣ ನೀಲಿ ಚುಕ್ಕಿ ಅಂದ್ರ ಬಾಂವಿ. ಕೆರಿ ಒಡ್ಡಿನ ಬಾಜೂಕ ಸಣ್ಣ ಅಂಕಿ ಬರದಿರತಾರ, ಒಡ್ಡು ನೆಲದಿಂದ ಎಷ್ಟು ಎತ್ತರ ಅಂತ. ಗುಡಿ, ಮಸೂತಿ, ಗೋರಿ, ಪೋಸ್ಟ್ ಆಫೀಸು, ಪ್ರವಾಸಿ ಬಂಗ್ಲೆ, ಎಲ್ಲಾಕ್ಕೂ ಒಂದೊಂದು ಗುರುತು. ನನಗ ಭಾಳ ಹಿಡಿಸಿದ್ದು ಕಂದು ಗೆರಿ. ಅವು ಎತ್ತರದ ಗೆರಿಗಳು.

ಎತ್ತರದ ಗೆರಿ ಅಂದ್ರ ಏನಂತ ನಮ್ಮ ಓಣಿ ಹೆಣ್ಮಕ್ಕಳಿಗೆ ನಾನು ಹಿಂಗ ಹೇಳಿದ್ನಿ. ದೊಡ್ಡ ಪರಾತದಾಗ ಗಟ್ಟಿಯಾಗಿ ನಾದಿದ ಹಿಟ್ಟಿನ ಮುದ್ದಿ ಇಡ್ರಿ, ಗುಡ್ಡದಂಗ. ಒಂದ ಬಟ್ಟು ನೀರು ಹಾಕ್ರಿ. ನೀರು ಮುದ್ದೀನ್ನ ಮುಟ್ಟಿದಲ್ಲಿ ಕಡ್ಡೀಲೆ ಸುತ್ತ ಗೆರಿ ಎಳೀರಿ. ಮತ್ತೊಂದ ಬಟ್ಟು ನೀರು, ಮತ್ತೊಂದು ಗೆರಿ. ಆಮ್ಯಾಲೆ ಮ್ಯಾಲಿಂದ ನಿಂತು ನೋಡಿದ್ರ ಗೆರಿಗಳು ಒಂದರೊಳಗ ಒಂದು ಕಾಣತಾವ. ಗೆರಿ ಹತ್ರ ಹತ್ರ ಇದ್ರ ಏರು, ದೂರ ದೂರ ಇದ್ರ ಬಯಲು. ಇಷ್ಟ ಹೇಳಿದ್ದಕ್ಕ ಒಬ್ಬಾಕಿ ನೆಗೆಣ್ಣಿ ಥಟ್ಟನೆ ಅಂದ್ಲು, "ಹಂಗಾದ್ರ ಡ್ಯಾಮಿನ ನೀರು ಬಂದು ನಿಲ್ಲೂದೂ ಒಂದು ಗೆರಿ ಮ್ಯಾಲ ಅಲ್ಲೇನ ವೈನಿ?" ಅಂತ. ಹೌದು, ಅದ ಮಾತು.

ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಾಗ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ಅದಕ್ಕ ಜಲಾಶಯಕ್ಕ ಅವರ ಹೆಸರು. 26 ಗೇಟು, 123 ಟಿಎಂಸಿ ನೀರು. ಕಟ್ಟಿ ಮುಗೀಬೇಕಾದ್ರ 2005 ಬಂತು, ನಾಲ್ವತ್ತು ವರ್ಷದ ಮ್ಯಾಲಾತು. ಎತ್ತರ ಎಷ್ಟಿರಬೇಕು ಅನ್ನೋದು ಆಂಧ್ರದ ಕೂಡ ಜಗಳಾಗಿ, 2000ರಾಗ ಸುಪ್ರೀಂ ಕೋರ್ಟು 519.6 ಮೀಟರ್ ತನಕ ನೀರು ನಿಲ್ಲಸಾಕ ಒಪ್ಪಿಗಿ ಕೊಡ್ತು. ಈಗ ಹಳೆ ಹಾಳಿ ತಗೋರಿ. 519.6 ಮೀಟರನ್ನ ಫೂಟಿಗೆ ತಿರುವಿದ್ರ ಹೆಚ್ಚುಕಡಿಮಿ 1705 ಫೂಟು. ಇಂಚಿನ ನಕಾಶ್ಯಾಗ 50 ಫೂಟಿಗೊಂದು ಗೆರಿ, 1650, 1700, 1750 ಅಂತ. ಹೊಸಾ ಹಾಳ್ಯಾಗ 500, 520, 540 ಮೀಟರ್. ಅಂದ್ರ ಹಳೇದರಾಗ 1700ರ ಗೆರಿ, ಹೊಸಾದರಾಗ 520ರ ಗೆರಿ, ಎರಡೂ ಇವತ್ತಿನ ಹಿನ್ನೀರಿನ ದಂಡಿಗೆ ಭಾಳ ಸನೇಕ ಬರತಾವ. ಡ್ಯಾಮು ಇಲ್ಲದ ಕಾಲದಾಗ ಎಳದ ಗೆರಿ ಅದು! ಬಟರ್ ಪೇಪರ್ ಇಟ್ಟು ನೀಲಿ ಪೆನ್ಸಿಲ್ಲಿನಿಂದ ಆ ಗೆರಿ ಮ್ಯಾಲ ತಿದ್ದಕೋತ ಹೋದ್ನಿ. ಗೆರಿ ಒಳಗ ಬಿದ್ದ ಕೆಂಪು ಊರುಗಳನ್ನ ಒಂದೊಂದಾಗಿ ಎಣಿಸಿದ್ನಿ. ಒಂದು ಹಾಳಿ ಮುಗ್ಯೂದ್ರಾಗ ಸಂಜಿ ಚಹಾದ ಹೊತ್ತಾತು.

ಹಳೆ ಹಾಳ್ಯಾಗ ಕೃಷ್ಣಾ ಒಂದು ತೆಳ್ಳನ ನೀಲಿ ಪಟ್ಟಿ, ಎರಡೂ ಕಡೆ ಮರಳ ಚುಕ್ಕಿ. ಘಟಪ್ರಭಾ ಅದಕ್ಕಿಂತ ಸಣ್ಣದು, ಚಿಕ್ಕಸಂಗಮದಾಗ ಕೃಷ್ಣಾಕ್ಕ ಕೂಡೂದು ಬಟ್ಟ ಇಟ್ಟು ತೋರಸೂವಷ್ಟು ಸ್ಪಷ್ಟ. ಈಗಿನ ಉಪಗ್ರಹದ ಚಿತ್ರದಾಗ ಹೊಳಿ ತುಂಬಿದಾಗ ನೋಡಿದ್ರ ಯಾವ ನೀರು ಯಾವ ಹೊಳೀದು ಅಂತ ಹೇಳಾಕ ಬರೂದಿಲ್ಲ. ಕೊಲ್ಹಾರದ ಊರು ಹಳೆ ಹಾಳ್ಯಾಗ ಹೊಳಿ ದಂಡಿಗೆ ಅಂಟಿಕೊಂಡ ಐತಿ. ಗಡಿಗಿ ಮೊಸರಿಗೆ ಹೆಸರಾದ ಆ ಊರು ಮುಳುಗಿ, ಈಗಿನ ಕೊಲ್ಹಾರ ಮ್ಯಾಲ ಬಂದು ಕುಂತೈತಿ. ಮೊಸರ ಹೆಸರು ಮಾತ್ರ ಮುಳುಗಿಲ್ಲ.

ಆದ್ರ ನನಗ ನೀರಿಗಿಂತ ಹೆಚ್ಚು ಕಾಡಿದ್ದು ಕಚ್ಚಾ ರಸ್ತಾದ ಸಣ್ಣ ಗೆರಿಗಳು. ಚಕ್ಕಡಿ ದಾರಿ, ಕಾಲ್ದಾರಿ, ತುಂಡು ತುಂಡು ಗೆರಿ ಹಾಕಿ ತೋರಸ್ಯಾರ. ಎಲ್ಲಾ ಊರಿಂದ ಎರಡು ಮೂರು ದಾರಿ ಹೊಳೀಗೆ ಇಳೀತಾವ. ಅದರ ಎದುರು ದಂಡಿಯಾಗೂ ಇಂಥದ್ದ ಒಂದು ದಾರಿ ಹತ್ತತೈತಿ. ಅಂದ್ರ ಅಲ್ಲಿ ಹಾಯುಗಡ ಇತ್ತು. ಕೆಲವು ಕಡೆ ದೋಣಿ ಗುರುತೂ ಐತಿ.

ನಮ್ಮ ತವರ ಊರು ಘಟಪ್ರಭಾದ ತೆಂಕಣ ದಂಡೀದು. ಮುಳುಗಿದ್ದು. ನಮ್ಮ ಮನಿತನದ ಹೆಣ್ಣು ಕೊಟ್ಟದ್ದು-ತಂದದ್ದು ಎಲ್ಲಾ ಒಂದು ಹಾಳಿ ಮ್ಯಾಲ ಗುರುತ ಹಾಕಿದ್ನಿ. ನಮ್ಮ ಅಜ್ಜಿ, ಇಬ್ಬರು ಸೋದರತ್ತೀರು, ದೊಡ್ಡವ್ವ, ಚಿಗವ್ವ, ಆಜುಬಾಜು ಮನಿಯವ್ರು ಸೇರಿ ಹದಿನೇಳು ಮದುವಿ. ಅದರಾಗ ಹನ್ನೊಂದು ಹೊಳಿ ಆಚೀ ದಂಡಿಗೆ! ಎಲ್ಲಾ ಊರೂ ಹಾಯುಗಡದ ಎದುರಿನವು, ಇಲ್ಲಾ ಅದರಿಂದ ಒಂದು ಹರದಾರಿ ಒಳಗಿನವು. ನಾವು ತಿಳಕೊಂಡಿದ್ದು ಹೊಳಿ ಅಂದ್ರ ಗಡಿ ಅಂತ. ಬ್ಯಾಸಿಗ್ಯಾಗ ಮೊಣಕಾಲ ಮಟ ನೀರಿರೋ ಹೊಳಿ ಗಡಿ ಹೆಂಗಾದೀತು? ತೆಲಿ ಮ್ಯಾಲ ರೊಟ್ಟಿ ಬುಟ್ಟಿ ಇಟಕೊಂಡು, ಸೀರಿ ನಿರಗಿ ಎತ್ತಿ ಕಟ್ಟಿಕೊಂಡು, ಮಧ್ಯಾಹ್ನಕ್ಕ ಹೋಗಿ ಸಂಜಿಗೆ ತವರಿಂದ ಬರತಿದ್ರು.

ಆ ಹನ್ನೊಂದು ಮಂದ್ಯಾಗ ಈಗ ಉಳದಾಕಿ ನಮ್ಮ ಚಿಗವ್ವ ಒಬ್ಬಾಕಿನ. ಆಕಿ ಗಂಡನ ಊರು ಬಡಗಣ ದಂಡ್ಯಾಗ ಗೆರಿ ಮ್ಯಾಲ ಉಳದೈತಿ. ತವರಿನವ್ರು ಪುನರ್ವಸತಿ ಕೇಂದ್ರಕ್ಕ ಬಂದ್ರು. ಹಾಳಿ ಮ್ಯಾಲ ಹಳೆ ಎರಡೂ ಊರಿನ ನಡುವ ಮುಕ್ಕಾಲು ಇಂಚು, ಅಂದ್ರ ಮುಕ್ಕಾಲು ಮೈಲು. ಈಗ ಸೇತುವಿ ಸುತ್ತಹಾಕಿ, ಎರಡು ಬಸ್ಸು ಬದಲಿ ಮಾಡಿ ಮೂವತ್ತು ಕಿಲೋಮೀಟರಿನ ಮ್ಯಾಲಾಗತೈತಿ. ನಮ್ಮ ಅಜ್ಜಿ ತೀರಿದಾಗ ಆಕಿ ಬರೂದ್ರಾಗ ಮಣ್ಣಾಗಿ ಹೋಗಿತ್ತು. ಪರಿಹಾರದ ಲೆಕ್ಕದಾಗ ಮನಿ, ಹೊಲ, ಗಿಡ, ಬಾಂವಿ ಎಲ್ಲಾ ಬಂದ್ವು. ತವರ ದೂರಾದದ್ದು ಯಾವ ಕಾಲಮ್ಮಿನ್ಯಾಗೂ ಇರಲಿಲ್ಲ. ನಮ್ಮ ತಮ್ಮನ ಮಕ್ಕಳಿಗೆ ಹೆಣ್ಣು ನೋಡಿದ ಊರುಗಳನ್ನೂ ಗುರುತ ಹಾಕಿದ್ನಿ. ಹೊಳಿ ಆಚೀದು ಒಂದೂ ಇಲ್ಲ, ಎಲ್ಲಾ ಡಾಂಬರ ರಸ್ತಾ ಗುಂಟ.

ಇನ್ನ ನಕಾಶಿ ಹೇಳಿದ್ದೆಲ್ಲಾ ವೇದವಾಕ್ಯ ಅನ್ನಬ್ಯಾಡ್ರಿ. ಹಾಳಿ ಕೆಳಗ ಅಚ್ಚಾದ ವರ್ಷ ಬ್ಯಾರೆ, ಅಳತಿ ಮಾಡಿದ ವರ್ಷ ಬ್ಯಾರೆ ಇರತಾವ. ಅಳತಿ ವರ್ಷ ನೋಡಬೇಕು. ಒಂದು ಬಾಂವಿ ಹಾಳ್ಯಾಗ ಇಲ್ಲಂದ್ರ ಊರಾಗ ಇದ್ದಿದ್ದಿಲ್ಲ ಅಂತಲ್ಲ. ಅಳಿಯಾಕ ಬಂದವ್ರಿಗೆ ಅದು ಮುಖ್ಯ ಕಂಡಿಲ್ಲ ಅಷ್ಟ. ನಮ್ಮ ಊರಾಗ ಮೂರು ಸೇದೂ ಬಾಂವಿ ಇದ್ವು, ಹಾಳ್ಯಾಗ ಒಂದ ಚುಕ್ಕಿ. ಹೊಲಗೇರಿಯವ್ರ ಬಾಂವಿ ಇಲ್ಲವ ಇಲ್ಲ. ಕೆಳ ಓಣಿ ಅಜ್ಜಿ ಇದನ್ನ ನೋಡಿ "ನಮ್ಮ ನೀರು ಆಗೂ ಯಾರಿಗೂ ಬ್ಯಾಡಾಗಿತ್ತವಾ" ಅಂತ ನಕ್ಕಳು. ಅದು ನಗೂ ಮಾತಲ್ಲ. ಹೆಸರುಗಳದ್ದೂ ಇದ ಪಾಡು. ಗಂಡಸರು ಹೇಳಿದ್ದು, ಅಳಿಯಾಕ ಬಂದವ್ರು ಇಂಗ್ಲಿಷಿನ್ಯಾಗ ಬರಕೊಂಡಿದ್ದು. ನಾವು ಅರಬಿ ಒಗ್ಯೂ ಬಂಡಿಗೆ, ಹೊಳಿ ಮಡುವಿಗೆ, ಶೀಗಿ ಹುಣ್ಣಿವಿಗೆ ಚರಗ ಚೆಲ್ಲೂ ಹೊಲಕ್ಕ ಇಟ್ಟ ಹೆಸರು ಒಂದೂ ಬಂದಿಲ್ಲ. ಅದಕ್ಕ ನಾನು ಪೆನ್ಸಿಲ್ಲಿನಿಂದ ಬರದೀನಿ.

ಈ ಟೋಪೋ ಹಾಳ್ಯಾಗ ಹೊಲ ಯಾರದು ಅಂತ ಇರೂದಿಲ್ಲ. ಅದು ಬೇಕಂದ್ರ ಊರಿನ ಕಂದಾಯ ನಕಾಶಿ ನೋಡಬೇಕು, ಸರ್ವೇ ನಂಬರ ಅದರಾಗ ಇರತಾವ. ಉತಾರ ಕೈಯಾಗ ಹಿಡಕೊಂಡು ಎರಡೂ ನಕಾಶಿ ಕೂಡಿಸಿ ಓದಿದ್ರ ಚಿತ್ರ ಪೂರಾ ಆಗತೈತಿ. ಕಲಾದಗಿ ನೋಡಾಕೂ ಇದ ದಾರಿ. 1885ರ ತನಕ ನಮ್ಮ ಜಿಲ್ಲಾಕ್ಕ ಅದ ಮುಖ್ಯ ಊರು, ಆಮ್ಯಾಲೆ ವಿಜಾಪುರ, 1997ರಾಗ ಬಾಗಲಕೋಟಿ ಜಿಲ್ಲಾ ಆತು. ಅದನ್ನ ಇನ್ನೊಮ್ಮೆ ಬರೀತೀನಿ.

ಮೊದಲ ಈ ಹಾಳಿಗಳು ಸಿಗೂದು ತ್ರಾಸಿತ್ತು. 2005ರ ನಕಾಶಿ ನೀತಿ ಬಂದ ಮ್ಯಾಲ ಸಾಮಾನ್ಯ ಮಂದೀಗೂ ಬ್ಯಾರೆ ಹಾಳಿ ಮಾಡಿದ್ರು, 2021ರಾಗ ಇನ್ನಷ್ಟು ಸಡ್ಲ ಆತು. ಈಗ ಸರ್ವೇ ಆಫ್ ಇಂಡಿಯಾದ ಜಾಲತಾಣದಾಗ ಹೆಸರು ನೋಂದಾಯಿಸಿ ಇಳಿಸಿಕೋಬಹುದು. ಅಮೆರಿಕದ ಸೈನ್ಯದವ್ರು 1950ರ ಸುಮಾರಿಗೆ ಮಾಡಿದ ಭಾರತದ ನಕಾಶಿಗಳನ್ನ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಪುಕ್ಕಟೆ ಇಟ್ಟೈತಿ. ಅವು ಸಣ್ಣ ಅಳತೀವು, ಒಂದು ಸೆಂಟಿಮೀಟರಿಗೆ ಎರಡೂವರಿ ಕಿಲೋಮೀಟರ್, ಓಣಿ ಕಾಣೂದಿಲ್ಲ. ಆದ್ರ ಡ್ಯಾಮಿನ ಮೊದಲಿನ ಹೊಳಿ ಪೂರಾ ಕಾಣತೈತಿ. 1984ರಿಂದ ಈಚೆ ನೀರು ಹೆಂಗ ಏರಿತು ಅನ್ನೋದು ಗೂಗಲ್ ಅರ್ಥಿನ್ಯಾಗ ವರ್ಷ ವರ್ಷದ್ದೂ ಸಿಗತೈತಿ, ಮೊಮ್ಮಕ್ಕಳಿಗೆ ಹೇಳಿದ್ರ ತೆಗದು ಕೊಡತಾರ. ಹಾಳಿ ದೊಡ್ಡದಾಗಿ ಅಚ್ಚ ಹಾಕಿಸಿ, ಎಂಬತ್ತು ದಾಟಿದವ್ರ ಮುಂದ ಹಾಸ್ರಿ. ಉತ್ತರ ಯಾವ ಕಡೆ ಅಂತ ಹೇಳಬ್ಯಾಡ್ರಿ, ಹೊಳಿ ಮತ್ತ ಗುಡಿ ತೋರಸ್ರಿ ಸಾಕು. ಉಳದದ್ದು ಅವರ ಹೇಳತಾರ. ಇದನ್ನ ಲಗೂನ ಮಾಡ್ರಿ, ಹಾಳಿ ಎಲ್ಲೂ ಹೋಗೂದಿಲ್ಲ, ಅವ್ರು ಹೋಗತಾರ.

ಈಗ ಮತ್ತೊಂದು ಅಂಕಿ ಬಂದೈತಿ, 524.256. ಕೃಷ್ಣಾ ನೀರಿನ ಎರಡನೇ ನ್ಯಾಯಮಂಡಳಿ 2010ರ ಡಿಸೆಂಬರಿನ್ಯಾಗ ಆಲಮಟ್ಟಿಯಾಗ ಅಲ್ಲೀತನಕ ನೀರು ನಿಲ್ಲಿಸಬಹುದು ಅಂತ ತೀರ್ಪು ಕೊಟ್ಟೈತಿ. ಇಷ್ಟು ಉದ್ದನ ಅಂಕಿ ಯಾಕ ಅಂತ ಲೆಕ್ಕ ಹಾಕಿದ್ರ, ಅದು ಸರಿಯಾಗಿ 1720 ಫೂಟು, ಹಳೆ ಅಳತಿಯ ಅಂಕೀನ ಮೀಟರಿಗೆ ತಿರುವಿದ್ದು. ನೀರು ಇನ್ನೂ ಅಲ್ಲೀಮಟ ಏರಿಸಿಲ್ಲ. ಏರಿಸಿದ್ರ ಈಗಿನಕಿಂತ ಹದಿನೈದು ಫೂಟು ಹೆಚ್ಚು. ಹದಿನೈದು ಫೂಟು ಅಂದ್ರ ಏರಿನ ಜಾಗದಾಗ ನಾಕು ಹೆಜ್ಜಿ, ನಮ್ಮ ಎರಿ ಹೊಲದ ಬಯಲಿನ್ಯಾಗ ಎಷ್ಟು ಎಕರೆ ಅಂತ ನೋಡಾಕ ಹಾಳಿ ತಗದ್ನಿ. 520 ಆದ ಮ್ಯಾಲ ಮುಂದಿನ ಗೆರಿ 540, ನಡುವ ಏನೂ ಇಲ್ಲ. ಈ ಗೆರಿ ನಕಾಶ್ಯಾಗಿಲ್ಲ, ನೆಲದ ಮ್ಯಾಲ ಅಳತಿ ಮಾಡಿ ಕಲ್ಲ ನಟ್ಟ ತೋರಸಬೇಕು. ನಮ್ಮ ನೆಗೆಣ್ಣಿ ತವರ ಊರಾಗ ಅಂಥಾ ಕಲ್ಲು ಒಂದು ಅವರ ಹಿತ್ತಲದ ನುಗ್ಗಿ ಗಿಡದ ಬುಡಕ್ಕ ಐತಿ. ಮನಿ ಕಲ್ಲಿನ ಮ್ಯಾಲಿನ ಕಡೆ, ದನದ ಕೊಟ್ಟಿಗಿ ಕೆಳಗಿನ ಕಡೆ.