ಮೃಗವನಗಳೂ ಮೀನಿನ ಕೆರೆಗಳೂ

ಉತ್ತ ಹೊಲದ ಬೆಳೆಯು ಉತ್ತವನದು. ನೆಟ್ಟ ಮರದ ಹಣ್ಣು ನೆಟ್ಟವನದು. ಇದರಲ್ಲಿ ವಿವಾದಕ್ಕೆ ಎಡೆಯಿಲ್ಲ. ಆದರೆ ಇಂದು ಒಬ್ಬನ ಕಾಡಿನಲ್ಲಿ ಮೇದು ನಾಳೆ ಇನ್ನೊಬ್ಬನ ಹೊಲಕ್ಕೆ ನುಗ್ಗುವ ಜಿಂಕೆಯು ಯಾರದು? ಕೆರೆಯ ಏರಿಯನ್ನು ಕಟ್ಟಿಸಿದವನೊಬ್ಬ, ಅದರ ನೀರಿನಿಂದ ಗದ್ದೆ ಬೆಳೆಯುವವರು ಹಲವರು, ಅದರೊಳಗಿನ ಮೀನು ಯಾರ ಕೈಯಿಂದಲೂ ಬಿತ್ತಿದ್ದಲ್ಲ. ಹಾಗಿದ್ದರೆ ಆ ಮೀನಿಗೆ ಒಡೆಯನಾರು? ಈ ಪ್ರಶ್ನೆಯು ನಮ್ಮ ದೇಶದಲ್ಲಿ ಬಹು ಹಿಂದಿನಿಂದಲೂ ಇದೆ. ಬೇಟೆಯ ವಿನೋದಕ್ಕಾಗಿ ಕಾಡನ್ನು ಬಳಸಿ ಕಾಯ್ದ ಅರಸರೂ, ಮೀನಿಗಾಗಿ ಮಡುಗಳನ್ನು ಕಾಯ್ದ ಅಧಿಕಾರಿಗಳೂ ದೇವಾಲಯಗಳೂ ಇದಕ್ಕೆ ತಮ್ಮ ತಮ್ಮ ರೀತಿಯಲ್ಲಿ ಉತ್ತರವನ್ನು ಕೊಟ್ಟಿರುವರು. ಆ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕೊಲ್ಲುವುದಕ್ಕಾಗಿ ಕಾಯ್ದ ನೆಲದಲ್ಲಿಯೇ ಕಾಯುವುದಕ್ಕಾಗಿ ಕಾಯುವ ಬುದ್ಧಿಯೂ ಹುಟ್ಟಿತೆಂಬುದು ಕಂಡುಬರುತ್ತದೆ.

ಈ ವಿಷಯದಲ್ಲಿ ದೊರೆಯುವ ಪ್ರಾಚೀನ ಪ್ರಮಾಣಗಳಲ್ಲಿ ಅತ್ಯಂತ ವಿಶದವಾದುದು ಕೌಟಿಲ್ಯನ ಅರ್ಥಶಾಸ್ತ್ರ. ಆ ಗ್ರಂಥದ ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲದಿದ್ದರೂ, ಅದು ಬೆಳಕಿಗೆ ಬಂದ ಕಥೆಯಲ್ಲಿ ಕನ್ನಡಿಗರಿಗೆ ಹೆಮ್ಮೆಯ ಪಾಲುಂಟು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. ಅವರ ಇಂಗ್ಲಿಷ್ ಭಾಷಾಂತರವು 1915ರಲ್ಲಿ ಹೊರಬಿತ್ತು.

ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ, ಉಳುಮೆಗೆ ಒದಗದ ಭೂಮಿಯನ್ನು ಏನು ಮಾಡತಕ್ಕದ್ದೆಂಬ ವಿಚಾರ ಬಂದಿದೆ. ಮೊದಲನೆಯದಾಗಿ ದನಗಳಿಗೆ ಗೋಮಾಳ. ಆಮೇಲೆ ವೇದಾಧ್ಯಯನಕ್ಕೂ ತಪಸ್ಸಿಗೂ ತಕ್ಕ ಅರಣ್ಯಗಳು. ಅನಂತರ ರಾಜನ ವಿಹಾರಕ್ಕೆ ಮೃಗವನ. ಈ ಮೃಗವನದ ವರ್ಣನೆಯು ಕಣ್ಣಿಗೆ ಕಟ್ಟುವಂತಿದೆ. ಅದಕ್ಕೆ ಒಂದೇ ಬಾಗಿಲು. ಸುತ್ತಲೂ ರಕ್ಷಣೆಗೆ ತೋಡಿದ ಕಂದಕ. ಒಳಗೆ ಸಿಹಿಹಣ್ಣಿನ ಮರಗಳು, ಬಳ್ಳಿ ಪೊದರುಗಳು, ಮುಳ್ಳಿಲ್ಲದ ವೃಕ್ಷಗಳು, ಆಳವಿಲ್ಲದ ನೀರಿನ ಕೊಳ. ಪಳಗಿದ ಜಿಂಕೆಗಳು ಮತ್ತಿತರ ಚತುಷ್ಪಾದಿಗಳು. ಉಗುರು ಹಲ್ಲುಗಳನ್ನು ಮುರಿದ ಹುಲಿ ಮೊದಲಾದ ಕ್ರೂರಮೃಗಗಳು. ಬೇಟೆಗೆ ಒದಗುವ ಗಂಡಾನೆ, ಹೆಣ್ಣಾನೆ, ಮರಿಯಾನೆಗಳು. ಮುಳ್ಳನ್ನು ಕಿತ್ತು, ಉಗುರನ್ನು ಮುರಿದು, ನೀರನ್ನು ಮೊಣಕಾಲುದ್ದಕ್ಕೆ ಇಳಿಸಿದ ಮೇಲೆ ಅದನ್ನು ವನವೆಂದು ಕರೆಯುವುದಕ್ಕಿಂತ ಅರಮನೆಯ ಹಿತ್ತಲೆಂದು ಕರೆಯುವುದೇ ಸಮಂಜಸವೆಂದು ಯಾರಿಗಾದರೂ ತೋರದಿರದು. ರಾಜನಿಗೆ ಅಪಾಯವಿಲ್ಲದ ಶೌರ್ಯವೂ ಬೇಕಾಗಿತ್ತೆಂದು ಕಾಣುತ್ತದೆ.

ಆದರೆ ಗ್ರಂಥಕಾರನು ಅಷ್ಟಕ್ಕೇ ನಿಲ್ಲುವುದಿಲ್ಲ. ದೇಶದ ಎಲ್ಲೆಯಲ್ಲಿ, ಅಥವಾ ಭೂಮಿಯ ಸ್ವಭಾವವನ್ನನುಸರಿಸಿ ಬೇರೆಡೆಯಲ್ಲಿ, ಮತ್ತೊಂದು ಮೃಗವನವನ್ನು ಮಾಡಬೇಕೆಂದು ಹೇಳಿ, ಅದಕ್ಕೆ ‘ಸರ್ವಾತಿಥಿಮೃಗ’ ಎಂಬ ವಿಶೇಷಣವನ್ನು ಕೊಡುತ್ತಾನೆ. ಎಲ್ಲ ಮೃಗಗಳೂ ಅತಿಥಿಗಳಾಗಿ ಬಂದಿರುವ ವನವೆಂದು ಅದರ ಅರ್ಥ. ಒಳಗಿನ ವನದಲ್ಲಿ ಮೃಗವು ರಾಜನ ಸೊತ್ತು. ಎಲ್ಲೆಯ ವನದಲ್ಲಿ ಅದೇ ಮೃಗವು ರಾಜನ ಅತಿಥಿ. ಸೊತ್ತನ್ನು ಭೋಗಿಸಬಹುದು, ಅತಿಥಿಯನ್ನು ಭೋಗಿಸುವಂತಿಲ್ಲ. ತೆರಿಗೆ ಸುಂಕಗಳ ಲೆಕ್ಕದಲ್ಲಿ ಇಷ್ಟು ಕಟುವಾದ ಒಬ್ಬ ಗ್ರಂಥಕಾರನ ಲೇಖನಿಯಿಂದ ಈ ಮಾತು ಬಂದಿರುವುದು ಆಶ್ಚರ್ಯಕರ.

ಇದು ಬರಿಯ ಅಲಂಕಾರದ ಮಾತಾಗಿರಲಿಲ್ಲವೆಂಬುದಕ್ಕೆ ಸೂನಾಧ್ಯಕ್ಷನ ಪ್ರಕರಣವೇ ಸಾಕ್ಷಿ. ಸೂನಾಧ್ಯಕ್ಷನೆಂದರೆ ಮಾಂಸದ ವ್ಯವಹಾರದ ಮೇಲ್ವಿಚಾರಕ. ಅಭಯವನ್ನು ಕೊಟ್ಟ ಮೃಗ, ಪಶು, ಪಕ್ಷಿ, ಮತ್ಸ್ಯಗಳನ್ನು ಕಟ್ಟಿದವನಿಗೂ ಕೊಂದವನಿಗೂ ಉತ್ತಮಸಾಹಸದಂಡ. ಅಭಯವನದ ಪರಿಗ್ರಹದೊಳಗೆ ತಪ್ಪುಮಾಡಿದ ಕುಟುಂಬಿಗಳಿಗೆ ಮಧ್ಯಮದಂಡ. ಹೆಂಡತಿಮಕ್ಕಳನ್ನು ಸಾಕಬೇಕಾದ ಸಂಸಾರಿಯ ತಪ್ಪಿಗೂ ಇತರರ ತಪ್ಪಿಗೂ ದಂಡದಲ್ಲಿ ಭೇದವನ್ನು ಮಾಡಿರುವುದು ಗಮನಾರ್ಹ. ಕೊಲ್ಲುವ ರೂಢಿಯುಳ್ಳ ಮತ್ತು ಯಾರ ಪರಿಗ್ರಹಕ್ಕೂ ಸೇರದ ಪ್ರಾಣಿಗಳಲ್ಲಿ ಆರನೆಯ ಒಂದು ಭಾಗವು ಅರಸನಿಗೆ ಸಲ್ಲತಕ್ಕದ್ದು. ಇದೆಲ್ಲಕ್ಕಿಂತ ಮಿಗಿಲಾದ ವಿಧಿಯೊಂದಿದೆ: ಜೀವಂತವಾಗಿ ಸಿಕ್ಕಿದ ಪಕ್ಷಿಮೃಗಗಳಲ್ಲಿ ಆರನೆಯ ಒಂದು ಭಾಗವನ್ನು ಅಭಯವನಗಳಲ್ಲಿ ಬಿಟ್ಟುಬಿಡಬೇಕು. ಧಾನ್ಯದಲ್ಲಿ ಆರನೆಯ ಪಾಲು ರಾಜನ ಕಣಜಕ್ಕೆ ಹೋಗುವುದು ಪ್ರಸಿದ್ಧ. ಇಲ್ಲಿ ಆರನೆಯ ಪಾಲು ಕಾಡಿಗೇ ಹಿಂದಿರುಗುತ್ತದೆ. ಬೀಜಕ್ಕೆಂದು ಭತ್ತವನ್ನು ಬೇರೆ ಕಟ್ಟಿಡುವ ರೈತನ ಬುದ್ಧಿಯೇ ಇದರಲ್ಲಿಯೂ ಕೆಲಸಮಾಡಿದೆ. ಇದನ್ನು ಕೇವಲ ಕಾರುಣ್ಯವೆಂದು ಹೊಗಳುವುದು ಸರಿಯಲ್ಲ. ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದೂ ಸರಿಯಲ್ಲ.

ಬೇಟೆಯನ್ನು ಕೌಟಿಲ್ಯನು ವ್ಯಸನಗಳಲ್ಲಿ ಎಣಿಸಿದರೂ, ಅದು ಜೂಜಿಗಿಂತ ಕೇಡೆಂಬ ಪೂರ್ವಾಚಾರ್ಯರ ಮತವನ್ನು ಒಪ್ಪಲಿಲ್ಲ. ಮೈಗೆ ವ್ಯಾಯಾಮ, ಕಫಪಿತ್ತಮೇದಸ್ಸುಗಳ ಇಳಿತ, ನಿಂತ ಮತ್ತು ಓಡುವ ಗುರಿಗಳನ್ನು ಹೊಡೆಯುವ ಕೌಶಲ, ಮೃಗಗಳ ಚಿತ್ತವನ್ನು ಅರಿಯುವ ಶಕ್ತಿ ಇವು ಅದರ ಗುಣಗಳೆಂದು ಅವನು ಎಣಿಸಿದ್ದಾನೆ. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನ ಸೇನಾಪತಿಯು ಇವನ್ನೇ ಹೇಳಿ ಬೇಟೆಯನ್ನು ಹೊಗಳುತ್ತಾನೆ. ಅದೇ ನಾಟಕದ ಆರಂಭದಲ್ಲಿ, ಎತ್ತಿದ ಬಾಣವನ್ನು ಅರಸನು ಆಶ್ರಮಮೃಗವೆಂಬ ಒಂದೇ ಮಾತಿಗೆ ಇಳಿಸಬೇಕಾಗುತ್ತದೆಂಬುದನ್ನು ಓದುಗರು ಬಲ್ಲರು. ಋಷಿಯ ನೆಲದಲ್ಲಿ ಚಕ್ರವರ್ತಿಯ ಸ್ವಾಮ್ಯವೂ ನಡೆಯದು.

ಇನ್ನು ಮೀನಿನ ವಿಚಾರ. ಅರ್ಥಶಾಸ್ತ್ರದ ಕಾಲದಲ್ಲಿ ಕೆರೆಯು ಖಾಸಗಿಯಾಗಿಯೂ ಇರಬಹುದಾಗಿತ್ತು. ಹೊಸದಾಗಿ ಕೆರೆಕಟ್ಟೆಗಳನ್ನು ಕಟ್ಟಿಸಿದವನಿಗೆ 5 ವರ್ಷ, ಒಡೆದು ಪಾಳುಬಿದ್ದುದನ್ನು ಸರಿಪಡಿಸಿದವನಿಗೆ 4 ವರ್ಷ, ಗಿಡಗಂಟಿ ಬೆಳೆದುದನ್ನು ತೆರವುಮಾಡಿದವನಿಗೆ 3 ವರ್ಷ ಕರವಿನಾಯಿತಿಯಿತ್ತು. ಆಪತ್ತೇನೂ ಇಲ್ಲದೆ 5 ವರ್ಷ ಕೆರೆಯ ಕೆಲಸವನ್ನು ಬಿಟ್ಟವನು ಅದರ ಮೇಲಿನ ಸ್ವಾಮ್ಯವನ್ನು ಕಳೆದುಕೊಳ್ಳುತ್ತಿದ್ದನು. ಒಡೆತನವು ಕಾಗದದಲ್ಲಿದ್ದರೆ ಸಾಲದು, ಏರಿಯ ಮೇಲೆ ಕಾಣಬೇಕೆಂಬುದು ಇದರ ಭಾವ. ಆದರೆ ಸೇತುಗಳಲ್ಲಿನ ಮೀನು, ದೋಣಿಯ ಹಾಯುವಿಕೆ, ನೀರಿನಲ್ಲಿ ಬೆಳೆಯುವ ಹಸಿರು ಪದಾರ್ಥಗಳು ಇವುಗಳ ಸ್ವಾಮ್ಯವು ರಾಜನದೆಂದು ಅದೇ ಅಧಿಕರಣದಲ್ಲಿ ಹೇಳಿದೆ. ನದಿಯಲ್ಲಿ ಮೀನು ಹಿಡಿಯುವವರು ಆರನೆಯ ಒಂದು ಪಾಲನ್ನು ದೋಣಿಯ ಬಾಡಿಗೆಯೆಂದು ಕೊಡಬೇಕಾಗಿತ್ತು. ತಮಿಳುನಾಡಿನ ಶಾಸನಗಳಲ್ಲಿ ಮಾತ್ರ ಈ ಆದಾಯಕ್ಕೆ ಬೇರೊಂದು ಸದ್ವಿನಿಯೋಗವು ಕಾಣುತ್ತದೆ. ಅಲ್ಲಿ ಊರಿನ ಸಭೆಗಳು ಕೆರೆಯ ಮೀನಿನ ಗುತ್ತಿಗೆಯಿಂದ ಬಂದ ಹಣವನ್ನು ಆ ಕೆರೆಯ ಹೂಳು ತೆಗೆಸುವುದಕ್ಕೇ ಮೀಸಲಿಟ್ಟದ್ದುಂಟು. ಮೀನು ತನ್ನ ಮನೆಯ ದುರಸ್ತಿಗೆ ತಾನೇ ವೆಚ್ಚವನ್ನು ಒದಗಿಸಿದಂತಾಯಿತು.

ಅಶೋಕ ಚಕ್ರವರ್ತಿಯು ತನ್ನ ಪಟ್ಟಾಭಿಷೇಕವಾದ 26 ವರ್ಷಗಳ ಮೇಲೆ ಬರೆಯಿಸಿದ ಐದನೆಯ ಸ್ತಂಭಶಾಸನವು ಈ ಚರಿತ್ರೆಯಲ್ಲಿ ಮುಖ್ಯವಾದ ಮೈಲಿಗಲ್ಲು. ಗಿಳಿ, ಗೊರವಂಕ, ಚಕ್ರವಾಕ, ಹಂಸ, ಆಮೆ, ಮೂಳೆಯಿಲ್ಲದ ಮೀನು ಮುಂತಾದ ಅನೇಕ ಪ್ರಾಣಿಗಳನ್ನು ಕೊಲ್ಲಲಾಗದೆಂದು ಅದರಲ್ಲಿ ವಿಧಿಸಿದೆ. ಚಾತುರ್ಮಾಸ್ಯದ ಹುಣ್ಣಿಮೆಗಳು, ಪುಷ್ಯದ ಹುಣ್ಣಿಮೆ, ಉಪವಾಸದ ದಿನಗಳು ಇವುಗಳಲ್ಲಿ ಮೀನನ್ನು ಹಿಡಿಯಲೂ ಬಾರದು, ಮಾರಲೂ ಬಾರದು. ಆನೆಯ ಕಾಡುಗಳಲ್ಲಿಯೂ ಬೆಸ್ತರ ಭೋಗದಲ್ಲಿದ್ದ ಮಡುಗಳಲ್ಲಿಯೂ ಆ ದಿನಗಳಲ್ಲಿ ಇತರ ಪ್ರಾಣಿಗಳನ್ನೂ ಕೊಲ್ಲಬಾರದು. ಈ ಕಡೆಯ ಮಾತು ಬಹು ಬೆಲೆಯುಳ್ಳದ್ದು. ಬೆಸ್ತರ ಭೋಗಕ್ಕೆಂದು ಗೊತ್ತಾದ ನೀರುಗಳು ಆ ಕಾಲದಲ್ಲಿದ್ದುವೆಂದೂ, ಅರಸನು ಅವನ್ನು ಕಿತ್ತುಕೊಳ್ಳದೆ ದಿನಗಳನ್ನು ಮಾತ್ರ ಬಿಡಿಸಿಕೊಂಡನೆಂದೂ ಇದರಿಂದ ಊಹಿಸಬಹುದು. ಬಲೆಯನ್ನೇ ನಂಬಿದವನಿಗೆ ಆ ದಿನಗಳ ಉಪವಾಸವು ಪುಣ್ಯಕ್ಕಾಗಿ ಮಾಡಿದ ಉಪವಾಸವಾಗಿತ್ತೋ ಇಲ್ಲವೋ ಎಂಬುದನ್ನು ಶಿಲೆಯು ಹೇಳುವುದಿಲ್ಲ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಶಾಸನವನ್ನು ಮೀನುಗಾರಿಕೆಯ ಕಾನೂನೆಂಬ ದೃಷ್ಟಿಯಿಂದಲೇ ಪರಿಶೀಲಿಸಿದರು.

ಕನ್ನಡನಾಡಿನಲ್ಲಿ ಈ ವಿದ್ಯೆಯು ಶಾಸ್ತ್ರದ ಪದವಿಗೇರಿದ್ದು ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಕೈಯಲ್ಲಿ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಈ ಅರಸನು ಯುದ್ಧಕ್ಕಿಂತ ಪುಸ್ತಕದಿಂದ ಹೆಚ್ಚು ಹೆಸರಾದವನು. ಅಭಿಲಷಿತಾರ್ಥಚಿಂತಾಮಣಿ ಎಂಬ ಮರುಹೆಸರುಳ್ಳ ಅವನ ಮಾನಸೋಲ್ಲಾಸವು 5 ವಿಂಶತಿಗಳಲ್ಲಿ 100 ಅಧ್ಯಾಯಗಳ ಗ್ರಂಥ. ಅದರ ಮೊದಲ ಭಾಗವನ್ನೂ ಮೈಸೂರಿನಲ್ಲಿ ಶಾಮಶಾಸ್ತ್ರಿಗಳೇ 1926ರಲ್ಲಿ ಪ್ರಕಟಿಸಿದರು. ನಾಲ್ಕನೆಯ ವಿಂಶತಿಯು ರಾಜನ ವಿನೋದಗಳಿಗೆ ಮೀಸಲು. ನಾಯಿಗಳ ವಿನೋದ, ಗಿಡುಗಗಳ ವಿನೋದ, ಮತ್ಸ್ಯವಿನೋದ, ಮೃಗಯಾವಿನೋದ ಇವೆಲ್ಲಕ್ಕೂ ಅಲ್ಲಿ ಬೇರೆ ಬೇರೆ ಅಧ್ಯಾಯಗಳಿವೆ.

ಇವುಗಳಲ್ಲಿ ಮತ್ಸ್ಯವಿನೋದವೇ ವಿಶೇಷವಾಗಿ ಮನಸ್ಸನ್ನು ಸೆಳೆಯುತ್ತದೆ. ಸಮುದ್ರದವೂ ಸಿಹಿನೀರಿನವೂ ಸೇರಿ ಸುಮಾರು 35 ಬಗೆಯ ಮೀನುಗಳನ್ನು ಸೋಮೇಶ್ವರನು ಹೆಸರಿಸುತ್ತಾನೆ. ಪೊರೆಯುಳ್ಳವು, ಪೊರೆಯಿಲ್ಲದವು, ದೊಡ್ಡವು, ಸಣ್ಣವು ಎಂದು ವಿಂಗಡಿಸುತ್ತಾನೆ. ಅನಂತರ ಅವುಗಳನ್ನು ಪೋಷಿಸುವ ಕ್ರಮವನ್ನು ಹೇಳುತ್ತಾನೆ. ಎಳ್ಳು ಕಡಲೆಗಳ ಹಿಟ್ಟಿನ ಉಂಡೆ, ಅನ್ನ, ಮಾಂಸ ಎಂಬುದಾಗಿ ಆಯಾ ಜಾತಿಗೆ ತಕ್ಕ ಆಹಾರವನ್ನು ಕೊಟ್ಟು ಅವನ್ನು ಕೊಬ್ಬಿಸಬೇಕು. ಬಳಿಕ ಹಿಡಿಯುವುದು ಬಲೆಯಿಂದಲ್ಲ, ಗಾಳದಿಂದ; ಅದಕ್ಕೆ ಬೇಕಾದ ದಾರ, ಕೋಲು, ಕೊಕ್ಕೆ, ಎರೆಗಳ ವಿವರಗಳೂ ಅಲ್ಲಿವೆ. ಬಲೆಯು ಮಡುವನ್ನೇ ಬರಿದುಮಾಡುತ್ತದೆ, ಗಾಳವು ಒಂದನ್ನು ಮಾತ್ರ ಕೇಳುತ್ತದೆ. ವಿನೋದಕ್ಕೆಂದು ಗಾಳವನ್ನು ಆರಿಸಿಕೊಂಡವನು ಅರಿತೋ ಅರಿಯದೆಯೋ ಮಿತಿಯನ್ನೂ ಆರಿಸಿಕೊಂಡಂತಾಯಿತು. ಮೀನಿನ ಹೆಸರು, ನೆಲೆ, ಹಸಿವುಗಳನ್ನು ಬೆಸ್ತನು ತಲೆಮಾರುಗಳಿಂದ ಬಲ್ಲನು. ಅರಸನಿಗೆ ಈ ವಿಷಯದಲ್ಲಿ ಗುರುಗಳು ಯಾರಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಗ್ರಂಥದಲ್ಲಿ ಮಾತ್ರ ಅವರ ಹೆಸರಿಲ್ಲ.

ಅರಸರ ಮಡುಗಳು ಅರಸರೊಡನೆಯೇ ಅಳಿದುವು. ದೇವರ ಮಡುಗಳು ಉಳಿದುವು. ಶೃಂಗೇರಿಯಲ್ಲಿ ತುಂಗೆಯ ಮೀನುಗಳು, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮ, ಶಿಶಿಲದಲ್ಲಿ ಕಪಿಲೆಯ ಮೀನುಗಳು, ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿ ಇವೆಲ್ಲ ಅಂಥವು. ಮೀನಿನ ಸ್ವಾಮ್ಯವು ರಾಜನದೆಂಬ ಸೂತ್ರವನ್ನು ಲೋಕಕ್ಕೆ ತೋರಿಸಿಕೊಟ್ಟ ಶಾಸ್ತ್ರಿಗಳ ರುದ್ರಪಟ್ಟಣಕ್ಕೆ ರಾಮನಾಥಪುರವು ನೆರೆಯ ಊರೆಂಬುದು ಒಂದು ಸ್ವಾರಸ್ಯ. ಈ ಮಡುಗಳಲ್ಲಿ ಕಂದಕವಿಲ್ಲ, ಬಾಗಿಲಿಲ್ಲ. ಹೊಳೆಯು ಮೇಲಿನಿಂದ ಬಂದು ಕೆಳಕ್ಕೆ ಹೋಗುತ್ತದೆ. ಮೀನು ಬಯಸಿದರೆ ಹೋಗಬಹುದು. ಭಕ್ತರು ಹಾಕುವ ಅಕ್ಕಿ ಮಂಡಕ್ಕಿಗಳ ಆಸೆಗೋ, ಭಯವಿಲ್ಲದ ನೆಲೆಯೆಂಬ ಅರಿವಿಗೋ ಅವು ಅಲ್ಲಿಯೇ ನಿಂತಿವೆ. ಆದರೂ ನಂಬಿಕೆಯೊಂದೇ ಬೇಲಿಯಾದೆಡೆಯಲ್ಲಿ ನಂಬಿಕೆಯಿಲ್ಲದವನ ಕೈಗೆ ತಡೆಯಿಲ್ಲ. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ಹೊಳೆಗೆ ವಿಷವಿಕ್ಕಿದಾಗ ಸಾವಿರಾರು ಮೀನುಗಳು ಸತ್ತು ತೇಲಿದುವು.

ನೀರಿಗೆ ವಿಷವಿಕ್ಕುವುದನ್ನೂ ಸಿಡಿಮದ್ದು ಹಾಕುವುದನ್ನೂ 1897ರ ಇಂಡಿಯನ್ ಫಿಷರೀಸ್ ಆಕ್ಟು ಮೊದಲೇ ಅಪರಾಧವೆಂದು ಗೊತ್ತುಮಾಡಿತ್ತು. ಆ ಕಾನೂನು ಸಾರ್ವಜನಿಕ ನೀರಿಗೂ ಖಾಸಗಿ ನೀರಿಗೂ ಭೇದವನ್ನೆಣಿಸಿ, ಮೀನು ಹಿಡಿಯುವ ಕ್ರಮವನ್ನು ಕುರಿತ ಸರಕಾರದ ನಿಯಮಗಳನ್ನು ಖಾಸಗಿ ನೀರಿಗೆ ಅನ್ವಯಿಸಬೇಕಾದರೆ ಒಡೆಯನ ಲಿಖಿತ ಒಪ್ಪಿಗೆ ಬೇಕೆಂದಿತು. ಕೌಟಿಲ್ಯನು ರಾಜನಿಗೆ ಕೊಟ್ಟ ಮೀನನ್ನು ಬ್ರಿಟಿಷ್ ಕಾನೂನು ಹೀಗೆ ಒಂದಂಶದಲ್ಲಿ ಕೆರೆಯ ಒಡೆಯನಿಗೆ ಹಿಂದಿರುಗಿಸಿತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಒಟ್ಟಿಗೆ ಸೇರಿಸಿಯೇ ಅವುಗಳ ರಕ್ಷಣೆಗೆ ಒಂದು ರೆಗ್ಯುಲೇಷನ್ ಆಯಿತು. ಮೈಸೂರು ಮಹಾರಾಜರ ಖಾಸಗಿ ಬೇಟೆಯ ಕಾಡಾಗಿದ್ದ ಬಂಡೀಪುರದ ಪ್ರದೇಶದಲ್ಲಿ 1931ರಲ್ಲಿ ಸುಮಾರು 90 ಚದರ ಕಿಲೋಮೀಟರಿನ ಮೃಗರಕ್ಷಣವನವನ್ನು ಏರ್ಪಡಿಸಲಾಯಿತು. ಹಿಮವದ್ ಗೋಪಾಲಸ್ವಾಮಿಯ ಬೆಟ್ಟವು ಅದಕ್ಕೆ ಸೇರಿದ್ದರಿಂದ ವೇಣುಗೋಪಾಲನ ಹೆಸರನ್ನೇ ಅದಕ್ಕೆ ಇಟ್ಟರು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿತು. ಅದರ ಹಿಂದಿನ ವರ್ಷ, ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರ ಪ್ರೇರಣೆಯಿಂದ, ಕಾವೇರಿಯ ನಡುವಣ ರಂಗನತಿಟ್ಟು ಪಕ್ಷಿಧಾಮವಾಯಿತು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನೀರಾವರಿಗೆಂದು ಕಟ್ಟಿದ ಅಣೆಕಟ್ಟೆಯಿಂದ ಆ ನಡುಗಡ್ಡೆಗಳು ಉಂಟಾದುವಾದ್ದರಿಂದ, ಗದ್ದೆಗೆಂದು ಕಟ್ಟಿದ ನೀರಿನಲ್ಲಿ ಹಕ್ಕಿಗಳು ಕರೆಯದೆಯೇ ಬಂದ ಅತಿಥಿಗಳಾದುವು.

1972ರ ವನ್ಯಜೀವಿ ಸಂರಕ್ಷಣಾ ಕಾನೂನು ಅರಸನ ಬೇಟೆಯನ್ನೂ ಜಮೀನುದಾರನ ಬೇಟೆಯನ್ನೂ ಒಟ್ಟಿಗೆ ನಿಲ್ಲಿಸಿತು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿದ ಮೊದಲ ಕಾಡುಗಳಲ್ಲಿ ಒಂದಾಯಿತು. ಉಗುರು ಮುರಿದ ಹುಲಿಯನ್ನು ಬಯಸಿದ ಮೃಗವನದ ಜಾಗದಲ್ಲಿ ಉಗುರುಳ್ಳ ಹುಲಿಗಾಗಿಯೇ ಕಾಡನ್ನು ಕಾಯುವ ಕಾಲವು ಬಂದಿತು. ಆದರೆ ಕೌಟಿಲ್ಯನು ಅತಿಥಿಮೃಗಗಳ ವನವನ್ನು ಉಳುಮೆಯಿಲ್ಲದ ಎಲ್ಲೆಯಲ್ಲಿಟ್ಟನು. ಈಗ ಕಾಡಿನ ಎಲ್ಲೆಯೆಂದರೆ ರೈತನ ಹೊಲದ ಬದು. ರಾಗಿಯೂ ಜೋಳವೂ ತೆನೆಗಟ್ಟುವ ಹೊತ್ತಿಗೆ ಆನೆಗಳು ಹೊರಕ್ಕೆ ಬರುತ್ತವೆ. ರೈತರು ಅಟ್ಟಣೆಯ ಮೇಲೆ ಕುಳಿತು ರಾತ್ರಿಯೆಲ್ಲ ಕಾಯುತ್ತಾರೆ. ಒಂದೇ ರಾತ್ರಿಯಲ್ಲಿ ವರ್ಷದ ಅನ್ನವು ಹೋದ ಮನೆಗಳುಂಟು. ಮನುಷ್ಯರೇ ಹೋದ ಮನೆಗಳೂ ಉಂಟು. ಇದನ್ನು ತಡೆಯಲು ಅರಣ್ಯ ಇಲಾಖೆಯವರು ಕಾಡಿನ ಅಂಚಿನಲ್ಲಿ ಉದ್ದಕ್ಕೂ ಆನೆ ಕಂದಕಗಳನ್ನು ತೋಡಿಸಿರುವರು. ಅರ್ಥಶಾಸ್ತ್ರದ ಮೃಗವನಕ್ಕೆ ಹೇಳಿದ ಕಂದಕವೇ ಇದು. ಅಲ್ಲಿ ರಾಜನ ಮೃಗಗಳನ್ನು ಪ್ರಜೆಗಳಿಂದ ಕಾಯಲು ತೋಡಿದ್ದು, ಇಲ್ಲಿ ಪ್ರಜೆಗಳ ಬೆಳೆಯನ್ನು ಮೃಗಗಳಿಂದ ಕಾಯಲು ತೋಡಿದ್ದು. ಮಳೆಗಾಲದಲ್ಲಿ ಅದರ ದಡಗಳು ಕುಸಿಯುತ್ತವೆ. ಕುಸಿದೆಡೆಯನ್ನು ಆನೆಗಳು ಬೇಗನೆ ಪತ್ತೆಹಚ್ಚುತ್ತವೆ. ಕೆಲವೆಡೆಗಳಲ್ಲಿ ಈಗ ಕಂದಕದ ಜೊತೆಗೆ ಹಳೆಯ ರೈಲು ಕಂಬಿಗಳ ಬೇಲಿಯನ್ನು ನಿಲ್ಲಿಸುತ್ತಿರುವರು.