ನೆಲ ಒಬ್ಬರದು, ದಾರಿ ಹಲವರದು



ಬೆಂಗಳೂರಿನ ವಿಜಯನಗರದಲ್ಲಿ ಪೈಪ್‌ಲೈನ್ ರಸ್ತೆ ಎಂಬ ಹೆಸರಿನ ರಸ್ತೆಯೊಂದಿದೆ. ಮಲ್ಲೇಶ್ವರದ ಕಡೆಗೂ ಅದೇ ಹೆಸರಿನದು ಇನ್ನೊಂದಿದೆ. ರಸ್ತೆಗಳಿಗೆ ದೇವರ ಹೆಸರನ್ನೋ ದೊಡ್ಡವರ ಹೆಸರನ್ನೋ ಇಡುವ ನಾಡಿನಲ್ಲಿ ನೀರಿನ ಕೊಳವೆಗೆ ಈ ಗೌರವ ದೊರೆತದ್ದು ಹೇಗೆಂದು ನೀವು ಯೋಚಿಸಿದ್ದುಂಟೇ? ಇಂಥ ರಸ್ತೆಗಳು ಹುಟ್ಟುವ ಬಗೆ ಸರಳವಾದುದು. ಕೊಳವೆ ಹೂತ ನೆಲದ ಮೇಲೆ ಮನೆ ಕಟ್ಟುವಂತಿಲ್ಲ, ಏಕೆಂದರೆ ಅದು ಒಡೆದ ದಿನ ಅಗೆಯಲು ಜಾಗ ಬೇಕು. ಹಾಗೆ ಖಾಲಿ ಬಿಟ್ಟ ಪಟ್ಟಿಯ ಮೇಲೆ ಜನ ಓಡಾಡುತ್ತಾರೆ, ಇಕ್ಕೆಲಗಳಲ್ಲಿ ಮನೆಗಳು ಏಳುತ್ತವೆ, ಪಟ್ಟಿ ಬೀದಿಯಾಗುತ್ತದೆ.

ನಗರವೆಂಬುದು ತನ್ನ ನೀರು, ಬೆಳಕುಗಳನ್ನು ದೂರದಿಂದ ತರಿಸಿಕೊಳ್ಳುತ್ತದೆ. 1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. 1933ರಲ್ಲಿ ಮಾಗಡಿ ರಸ್ತೆಯ ದಿಕ್ಕಿನಲ್ಲಿ, ಅರ್ಕಾವತಿ ಮತ್ತು ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಈ ಸಂಗತಿಗಳನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಆದರೆ ಇಷ್ಟು ದೂರದ ನಡುವೆ ಎಷ್ಟು ಜನರ ಹೊಲ, ಗದ್ದೆ, ತೋಪುಗಳಿದ್ದವು ಎಂದು ಪಾಠದ ಪುಸ್ತಕ ಕೇಳುವುದಿಲ್ಲ. ಬೇರೆಯವರ ನೆಲದಲ್ಲಿ ಕಂಬ ನೆಡಲು, ಕೊಳವೆ ಹೂಳಲು, ನಡೆದು ಹೋಗಲು ಯಾವ ಹಕ್ಕು?

ನಮ್ಮ ಹಿರಿಯರಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಹಳೆಯ ದಾನಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಂದು ಮೊದಲಾಗುವ ಅಷ್ಟಭೋಗಗಳ ಮಾತು ಬರುತ್ತದೆ. ಭೂಮಿಯೊಡೆತನವೆಂದರೆ ಒಂದೇ ಇಡಿಯಾದ ಹಕ್ಕಲ್ಲ, ಬಿಡಿಸಿ ಎಣಿಸಬಹುದಾದ ಹಲವು ಅನುಭವಗಳ ಕಟ್ಟು ಎಂಬ ತಿಳಿವಳಿಕೆ ಅದರಲ್ಲಿದೆ. (ಇಂದಿಗೂ ಎಷ್ಟೋ ಕ್ರಯಪತ್ರಗಳಲ್ಲಿ ಈ ಮಾತುಗಳು ಅರ್ಥ ಕೇಳುವವರಿಲ್ಲದೆ ನಕಲಾಗುತ್ತಿವೆ.) ಅದೇ ಶಾಸನಗಳು ಎಲ್ಲೆ ಹೇಳುವಾಗ ಹೆದ್ದಾರಿಯನ್ನೂ ಹಳ್ಳವನ್ನೂ ಹೆಸರಿಸುತ್ತವೆ. ಎಲ್ಲರೂ ಬಳಸುವ ದಾರಿ ಎಲ್ಲರಿಗೂ ಗೊತ್ತಿರುವ ಗುರುತು ತಾನೇ!

ಬ್ರಿಟಿಷರ ಕಾಲದಲ್ಲಿ ಇದಕ್ಕೆ ಕಾನೂನಿನ ರೂಪ ಬಂತು. 1882ರ ಅನುಭೋಗ ಹಕ್ಕುಗಳ ಕಾಯಿದೆ ಮೊದಲು ಜಾರಿಯಾದ ಪ್ರದೇಶಗಳಲ್ಲಿ ನಮ್ಮ ಕೊಡಗೂ ಒಂದು. ವಕೀಲರು ಈಸ್‌ಮೆಂಟ್ ಎನ್ನುವುದು ಈ ಹಕ್ಕನ್ನೇ. ನಿಮ್ಮ ಹೊಲಕ್ಕೆ ಪಕ್ಕದವರ ಹೊಲದ ಮೂಲಕ, ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ತಿಳಿದು 20 ವರ್ಷ ನಡೆದಿದ್ದರೆ ಆ ದಾರಿ ನಿಮ್ಮ ಹಕ್ಕಾಗುತ್ತದೆ. ನೆಲ ಸರ್ಕಾರದ್ದಾದರೆ 30 ವರ್ಷ ಬೇಕು. ಅಣ್ಣತಮ್ಮಂದಿರು ಪಾಲಾಗಿ ಹಿಂದಿನ ಭಾಗಕ್ಕೆ ಬೇರೆ ದಾರಿಯೇ ಇಲ್ಲದಾದರೆ ಅಗತ್ಯದ ದಾರಿಯನ್ನು ಕಾನೂನೇ ಕೊಡುತ್ತದೆ. ವಿಜಯನಗರ, ಕಾಮಾಕ್ಷಿಪಾಳ್ಯಗಳ ಕಿರಿದಾದ ನಿವೇಶನಗಳಲ್ಲಿ ಹಿಂದಿನ ಮನೆಗೆ ಹೋಗುವ ಮೂರಡಿಯ ಪ್ಯಾಸೇಜ್ ನೋಡಿದ್ದೀರಲ್ಲ, ಅದರ ಜಗಳಗಳ ಬೇರು ಇಲ್ಲಿದೆ.

1885ರ ಟೆಲಿಗ್ರಾಫ್ ಕಾಯಿದೆ ಇನ್ನೊಂದು ಹೆಜ್ಜೆ ಇಟ್ಟಿತು. ತಂತಿ ಹಾಯಿಸಲು ಸರ್ಕಾರ ನೆಲವನ್ನು ಕೊಳ್ಳಬೇಕಿಲ್ಲ, ಬಳಕೆಯ ಹಕ್ಕು ಮಾತ್ರ ಸಾಕು. ಹಾನಿ ಆದಷ್ಟು ಕಡಿಮೆ ಆಗಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು. 2003ರ ವಿದ್ಯುಚ್ಛಕ್ತಿ ಕಾಯಿದೆ ಕೂಡ ವಿದ್ಯುತ್ ಮಾರ್ಗಗಳಿಗಾಗಿ ಇದೇ ಅಧಿಕಾರವನ್ನು ಕೊಡಮಾಡಲು ಅವಕಾಶವಿಟ್ಟಿತು. ಅನಿಲ ಕೊಳವೆಗಳಿಗೆ 1962ರ ಪ್ರತ್ಯೇಕ ಕಾಯಿದೆಯಿದೆ. ದಾಭೋಲ್‌ನಿಂದ ಕೆಂಗೇರಿಯಾಚೆಯ ಬಿಡದಿಯವರೆಗೆ 2013ರಲ್ಲಿ ಬಂದ ಅನಿಲದ ಕೊಳವೆಯಂಥವಕ್ಕೆ ಆಧಾರ ಅದು. ಅದರ ಪ್ರಕಾರ ರೈತ ಕೊಳವೆಯ ಮೇಲೆ ಬೆಳೆ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಆದ ನಷ್ಟವನ್ನು ತುಂಬಿಕೊಡುವುದರ ಜೊತೆಗೆ, ಬಳಕೆಯ ಹಕ್ಕಿಗೆಂದು ನೆಲದ ಮಾರುಕಟ್ಟೆ ಬೆಲೆಯ ನೂರಕ್ಕೆ 10ರಷ್ಟು ಕೊಡಬೇಕೆಂದು ಕಾಯಿದೆ ಹೇಳುತ್ತದೆ. ರಾಗಿ ಬೆಳೆಯುವ ಹಳ್ಳಿಯಲ್ಲಿ ಇದು ನ್ಯಾಯವೆನಿಸೀತು. ಆದರೆ ಹೊಲ ನಾಳೆ ಸೈಟಾಗುವ ಕೆಂಗೇರಿಯಂಥ ನಗರದಂಚಿನಲ್ಲಿ, ಮನೆ ಕಟ್ಟಲಾಗದ ನೆಲಕ್ಕೆ ಉಳಿಯುವ ಬೆಲೆಯೆಷ್ಟು? ಈ ಲೆಕ್ಕ ನನಗೆ ಸರಿಯೆನಿಸದು. ವಿದ್ಯುತ್ ಗೋಪುರಗಳ ವಿಷಯದಲ್ಲಂತೂ ಕೇಂದ್ರ ಸರ್ಕಾರವೇ ಕೊರತೆಯನ್ನು ಒಪ್ಪಿಕೊಂಡಂತಿದೆ: ಗೋಪುರದ ಬುಡದ ನೆಲಕ್ಕೆ ಬೆಲೆಯ ಶೇಕಡ 85ರಷ್ಟು ಪರಿಹಾರವನ್ನು 2015ರಲ್ಲಿ ರಾಜ್ಯಗಳಿಗೆ ಸೂಚಿಸಿತ್ತು, 2024ರಲ್ಲಿ ಅದನ್ನು 200ಕ್ಕೇರಿಸಿತು. ತಂತಿಯ ಕೆಳಗಿನ ಪಟ್ಟಿಗೆ 15 ಇದ್ದುದು 30 ಆಯಿತು.

ಇನ್ನು ನೀರಿನ ದಾರಿ. ನನ್ನ ಮಟ್ಟಿಗೆ ಪಶ್ಚಿಮ ಬೆಂಗಳೂರಿನ ನಿಜವಾದ ಕಥೆ ಇದೇ.

1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು. 1949ರಲ್ಲಿ ರಾಜಾಜಿಯವರ ಹೆಸರಿನ ರಾಜಾಜಿನಗರ ಆರಂಭವಾಯಿತು. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಕುರುಬರಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ ಮುಂತಾದ ಊರುಗಳ ಹೊಲಗಳು ಮುಂದಿನ ದಶಕಗಳಲ್ಲಿ ಒಂದೊಂದಾಗಿ ಬಡಾವಣೆಗಳಾದವು. ಆ ಊರುಗಳಿಗೆಲ್ಲ ಸರ್ವೆಯವರು ಬರೆದ ಗ್ರಾಮನಕ್ಷೆಗಳಿದ್ದವು. ಅವುಗಳಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆಯಿಂದ ಕೆರೆಗೆ ಹೋಗುವ ಕಾಲುವೆ ಎಲ್ಲವೂ ಗುರುತಾಗಿದ್ದವು. ಪಹಣಿಯ ಮೂರನೆಯ ಕಲಮಿನಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬು ಕಳೆಯುತ್ತಾರೆ. ಅದರಲ್ಲಿ ‘ಬಿ’ ಖರಾಬು ಎಂದರೆ ಬಂಜರಲ್ಲ. ರಸ್ತೆ, ಕಾಲುದಾರಿ, ಹಳ್ಳ, ಸ್ಮಶಾನ ಮುಂತಾಗಿ ಊರವರಿಗೆ ಸೇರಿದ ಜಾಗ. ಖಾಸಗಿ ಸರ್ವೆ ನಂಬರಿನ ಒಡಲಲ್ಲೇ ಇರುವ ಸಾರ್ವಜನಿಕ ನೆಲ ಅದು.

ಸರ್ಕಾರದ ಬಡಾವಣೆಗಳ ಸುತ್ತ ರೆವಿನ್ಯೂ ಸೈಟುಗಳು ಹುಟ್ಟಿಕೊಂಡವು. ಮಾರುವವರು ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಸಿದರು. ಗ್ರಾಮನಕ್ಷೆಯ ಆ ಸಣ್ಣ ಗೆರೆಗಳನ್ನು ಕೊಳ್ಳುವವರಿಗೆ ತೋರಿಸಿದವರು ಕಡಿಮೆ. ಆದರೆ ಈ ಇಳಿಜಾರಿನ ಮಳೆನೀರೆಲ್ಲ ವೃಷಭಾವತಿಗೆ ಸೇರಬೇಕು, ಮೈಸೂರು ರಸ್ತೆಯ ಬದಿಯಲ್ಲೇ ಕೆಂಗೇರಿ ದಾಟಿ ಅರ್ಕಾವತಿಗೆ ಹೋಗಬೇಕು. ನೀರು ಕ್ರಯಪತ್ರ ಓದುವುದಿಲ್ಲ. ದಾರಿ ಮುಚ್ಚಿದ ಕಡೆ ಮನೆಯೊಳಗೇ ನುಗ್ಗುತ್ತದೆ.

2016ರ ಆಗಸ್ಟಿನಲ್ಲಿ ಅಂದಿನ ಬಿಬಿಎಂಪಿ ರಾಜಕಾಲುವೆಗಳ ಒತ್ತುವರಿ ತೆರವಿಗೆ ಇಳಿದಾಗ ಅಧಿಕಾರಿಗಳ ಕೈಯಲ್ಲಿದ್ದುದು ಈ ಹಳೆಯ ಗ್ರಾಮನಕ್ಷೆಗಳೇ. ಸಾಲ ಮಾಡಿ ಕೊಂಡವರು, ತೆರಿಗೆ ಕಟ್ಟಿದವರು, ನಕ್ಷೆಗೆ ಮಂಜೂರಾತಿ ಪಡೆದವರು ಕೂಡ ಬೀದಿಯಲ್ಲಿ ನಿಂತರು. ಮಾರಿದವರಾಗಲಿ ಮಂಜೂರು ಮಾಡಿದವರಾಗಲಿ ಅಲ್ಲಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ನಗರಯೋಜನೆಯಲ್ಲಿ ಮೊದಲಿದ್ದ ಅಳತೆಗೇ ಮರಳಿತು. ಅದರಂತೆ ಕೆರೆಗೆ 30 ಮೀಟರ್. ಕಾಲುವೆಗಳಿಗೆ ಅವುಗಳ ದರ್ಜೆ ನೋಡಿ, ನಡುಗೆರೆಯಿಂದ 50, 25, 15 ಮೀಟರ್.

ನೀವೂ ಒಂದು ಕೆಲಸ ಮಾಡಿನೋಡಿ. ಮನೆಯ ಹಿರಿಯರನ್ನು ಕೇಳಿ ನಿಮ್ಮ ಬೀದಿಯ ಹಳೆಯ ಸರ್ವೆ ನಂಬರು ತಿಳಿದುಕೊಳ್ಳಿ. ಭೂಮಾಪನ ಇಲಾಖೆಯ ಗ್ರಾಮನಕ್ಷೆಯನ್ನೋ, ಮೊಬೈಲಿನಲ್ಲಿ ಸಿಗುವ ದಿಶಾಂಕ್ ಆ್ಯಪನ್ನೋ ತೆರೆದು ಆ ನಂಬರಿನ ಮೂಲಕ ಯಾವ ಗೆರೆ ಹಾದುಹೋಗಿದೆ ಎಂದು ಹುಡುಕಿ. ಅನಂತರ ಒಂದು ಜೋರು ಮಳೆಯ ಸಂಜೆ, ಬೀದಿಯಲ್ಲಿ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಕಿಟಕಿಯಿಂದ ನೋಡಿ.