ಗಡಿಸೀಮೆ ಮತ್ತು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು, ನಾರಾಯಣಪೇಟೆ ಹಾಗೂ ಮಕ್ತಲ್‌ಗಳಿದ್ದ ಮಹಬೂಬನಗರ ಜಿಲ್ಲೆಯನ್ನು ಸೇರಿದ ಮೇಲೆ, ತೆಲುಗಿನೊಡನೆ ಕನ್ನಡವೂ ಆಡುನುಡಿಯಾಗಿರುವ ಈ ಸೀಮೆಯ ವ್ಯಾಜ್ಯಗಳಿಗೆ ಹೈದರಾಬಾದಿನ ಆಂಧ್ರಪ್ರದೇಶ ಹೈಕೋರ್ಟೇ ರಾಜ್ಯದ ಅತ್ಯುನ್ನತ ನ್ಯಾಯಪೀಠವಾಯಿತು. 1922ರಲ್ಲಿ ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಜನಿಸಿದ ಓ. ಚಿನ್ನಪ್ಪ ರೆಡ್ಡಿ 1967ರಲ್ಲಿ ಆ ಪೀಠವನ್ನೇರಿ, 1978ರಿಂದ 1987ರವರೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು.

ದೆಹಲಿ ಪೊಲೀಸ್ ಇಲಾಖೆಯ ಚಾಲಕನೊಬ್ಬನ ಅರ್ಜಿಯ ಮೇಲೆ 1982ರಲ್ಲಿ ಅವರು ಬರೆದ ತೀರ್ಪು, ಸಮಾನ ದುಡಿಮೆಗೆ ಸಮಾನ ವೇತನವೆಂಬುದು ಸಂವಿಧಾನದ ಆಶಯವೆಂದು ಸಾರಿ ದುಡಿಯುವವರ ಕೈಗೆ ಬಲವಾದ ಆಧಾರವನ್ನಿತ್ತಿತು. ಇನ್ನೂ ಮಹತ್ತ್ವದ್ದು, ಕರ್ನಾಟಕದ ಮೀಸಲಾತಿಯನ್ನು, ಅಂದರೆ ಹಿಂದುಳಿದವರಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಕಾದಿರಿಸುವ ಪಾಲನ್ನು, ಕುರಿತ 1985ರ ವಸಂತಕುಮಾರ್ ಪ್ರಕರಣ. ಅಲ್ಲಿ ಅವರು ಮೀಸಲಾತಿಯನ್ನು ಉಳ್ಳವರ ಕರುಣೆಯೆಂದು ಕಾಣದೆ, ದುರ್ಬಲರ ಹಕ್ಕೆಂದು ನಿಸ್ಸಂದಿಗ್ಧವಾಗಿ ಸ್ಥಾಪಿಸಿದರು. ಆ ಕಾಲದ ನ್ಯಾಯಾಲಯಗಳಲ್ಲಿ ಇಷ್ಟು ನೇರವಾದ ದನಿ ವಿರಳವೆಂದೇ ಹೇಳಬೇಕು.

ಅವರ ಅಧ್ಯಕ್ಷತೆಯ ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗವು 1990ರಲ್ಲಿ ವರದಿ ಸಲ್ಲಿಸಿತಾದರೂ, ಹಿಂದುಳಿದ ವರ್ಗಗಳ ಪಟ್ಟಿಯನ್ನು ಪ್ರತಿಯೊಂದು ರಾಜ್ಯವೂ ಪ್ರತ್ಯೇಕವಾಗಿ ಸಿದ್ಧಪಡಿಸುವುದರಿಂದ, ರಾಯಚೂರಿಗಾಗಿಯೂ ಬರೆದ ಆ ಶಿಫಾರಸುಗಳ ವ್ಯಾಪ್ತಿಗೆ ಒಂದು ಕಾಲಕ್ಕೆ ರಾಯಚೂರಿನದೇ ಆಗಿದ್ದ ಗದ್ವಾಲ ಒಳಪಡಲಿಲ್ಲ.